ಹತ್ತು ನಿಮಿಷದ ಬುಶ್ಶು

ಕೇಳುಗರಿಗೆ ನಮಸ್ಕಾರ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತವೆಂದರೆ ಎಂಜಿನ್ ಬಿಚ್ಚುವ ಕೆಲಸ ಶುರು. ಕೋಡಿಬಾಗದಲ್ಲಿ ನಮ್ಮ ಹಿತ್ತಲ ಹಳೇ ಕೊಟ್ಟಿಗೆಯಲ್ಲಿರುವ ಲೇತಿಗೂ, ಅಂದರೆ ಲೋಹವನ್ನು ತಿರುಗಿಸಿ ಕಡಿಯುವ ಯಂತ್ರಕ್ಕೂ, ಆಗಲೇ ಕೈತುಂಬ ಕೆಲಸ. ಸವೆದ ಪಿನ್ನು, ಒಳಗೇ ಮುರಿದ ಬೋಲ್ಟು, ಪಂಪಿನ ಬುಶ್ಶು. ಬುಶ್ಶು ಅಂದರೆ ತಿರುಗುವ ದಂಡ, ಅಂದರೆ ಶಾಫ್ಟು, ಕೂರುವ ಲೋಹದ ಬಳೆ. ತಂದವರ ಮಾತು ಒಂದೇ: "ಹತ್ತು ನಿಮಿಷದ ಕೆಲಸ, ಮಾಡಿಕೊಡಿ."

ಅವರ ತಪ್ಪೇನಿಲ್ಲ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಹೋದ ಮಳೆಗಾಲದಲ್ಲಿ ಒಂದು ಬುಶ್ಶಿಗೆ ಗಡಿಯಾರ ನೋಡಿ ನೋಡಿ ಬರೆದಿಟ್ಟೆ. ಎಂಜಿನ್ ತಣಿಸಲು ಸಮುದ್ರದ ನೀರೆಳೆಯುವ ಪಂಪಿನದು, 25 ಮಿಲಿಮೀಟರ್ ಶಾಫ್ಟಿಗೆ. ಒಟ್ಟು ಹಿಡಿದದ್ದು 3 ಗಂಟೆ 10 ನಿಮಿಷ. ಟೂಲು ಲೋಹವನ್ನು ಕಡಿದದ್ದು ಬರೀ 25 ನಿಮಿಷ.

ಬುಶ್ಶಿಗೆ ಬೇಕಾದ ಗನ್‌ಮೆಟಲ್, ಅಂದರೆ ತಾಮ್ರ-ತವರದ ಮಿಶ್ರಲೋಹದ ತುಂಡು ಹುಡುಕಲು 40 ನಿಮಿಷ. ತೂತನ್ನು ಒಳಗಿನಿಂದ ಕೊರೆಯುವ ಬೋರಿಂಗ್ ಬಾರ್ ಸಿಕ್ಕಿತು, ಆದರೆ ತುಕ್ಕು ಹತ್ತಿತ್ತು. ಉಜ್ಜಿ, ಸಾಣೆ ಹಿಡಿಯಲು 35. ಬುಶ್ಶನ್ನು ತಿರುಗಿಸಿ ಹಿಡಿಯಬೇಕಾದಾಗ ಮೂರು ಜಾ, ಅಂದರೆ ಮೂರು ಹಿಡಿಕೆಯ ಚಕ್ಕು ಅದನ್ನು ಸರಿಯಾಗಿ ನಡುವಿಗೆ ಕೂರಿಸುತ್ತದೆಂದು ನಂಬುವಂತಿಲ್ಲ. ನಾಲ್ಕು ಜಾ ಹಾಕಿ, ಕೂದಲೆಳೆಯ ಓಲಾಟವನ್ನೂ ತೋರಿಸುವ ಡಯಲ್ ಗೇಜಿನ ಮುಳ್ಳು ನೋಡುತ್ತ ಒಂದು ಜಾ ಸಡಿಲಿಸಿ, ಎದುರಿನದನ್ನು ಬಿಗಿ ಮಾಡಿ, ಮುಳ್ಳು ಅಲುಗದಂತೆ ಕೂರಿಸಲು 30. ಆಮೇಲೆ ಕಾಯುವುದು. ಕೊರೆದ ಬುಶ್ಶು ಕೈಗೆ ಚುರುಕ್ ಎನ್ನುವಷ್ಟು ಬಿಸಿ ಇರುತ್ತದೆ. 40 ಡಿಗ್ರಿ ಏರಿದ್ದರೆ 25 ಮಿಲಿಮೀಟರ್ ತೂತು ಸುಮಾರು 0.02 ಮಿಲಿಮೀಟರ್ ಹಿಗ್ಗಿರುತ್ತದೆ. ಬಿಸಿಯಲ್ಲಿ ಅಳೆದು ಸರಿ ಅಂದುಕೊಂಡರೆ ತಣಿದ ಮೇಲೆ ಶಾಫ್ಟು ಕಚ್ಚುತ್ತದೆ. ಹಾಗೆ ಕಚ್ಚಿದ ಶಾಫ್ಟನ್ನು ಒಮ್ಮೆ ಬಿಡಿಸಿದ ಮೇಲೆ, 15 ನಿಮಿಷ ಕಾಯುವುದು ನನಗೆ ಎಂದೂ ಭಾರವಾಗಿಲ್ಲ.

ಆ ಚೀಟಿ ನೋಡಿದ ಮೇಲೆ ಕೊಟ್ಟಿಗೆಯನ್ನೇ ಬದಲಿಸಿದೆ. ನಮ್ಮಲ್ಲಿ ಮೊದಲ ಶತ್ರು ಉಪ್ಪುಗಾಳಿ. ಕಬ್ಬಿಣದ ಮೇಲೆ ಕೂತ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆರಿದ್ರಾ ಮಳೆಯಲ್ಲಿ ಒಂದು ರಾತ್ರಿ ಸಾಕು. ಡ್ರಿಲ್ಲುಗಳನ್ನು ಸುತ್ತಿಟ್ಟಿದ್ದ ಪತ್ರಿಕೆ, ರಟ್ಟಿನ ಪೆಟ್ಟಿಗೆ ಎಲ್ಲ ಹೊರಗೆಸೆದೆ. ಕಾಗದ ತೇವ ಹಿಡಿದಿಡುತ್ತದೆ. ಈಗ ಎಣ್ಣೆ ಸವರಿದ ಸಾಮಾನು ಒಂದು ಕಬ್ಬಿಣದ ಕಪಾಟಿನಲ್ಲಿದೆ, ತಳದಲ್ಲಿ 40 ವ್ಯಾಟಿನ ಹಳೇ ಬಗೆಯ ಬಲ್ಬು ಉರಿಯುತ್ತದೆ. ಎಲ್‌ಇಡಿ ಹಾಕಬೇಡಿ, ಅದರ ಬಿಸಿ ಸಾಲದು.

ಎರಡನೆಯದು, ಜಾತಿವಾರು ಜೋಡಣೆ ಬಿಟ್ಟೆ. ಡ್ರಿಲ್ಲೆಲ್ಲ ಒಂದು ಕಡೆ, ಟ್ಯಾಪೆಲ್ಲ ಇನ್ನೊಂದು ಕಡೆ ಇಟ್ಟರೆ ನೋಡಲು ಚೆಂದ, ಕೆಲಸಕ್ಕೆ ಅಲೆದಾಟ. ಈಗ ಒಂದು ಹಲಸಿನ ಮರದ ತುಂಡಿನಲ್ಲಿ ತೂತಿನೊಳಗೆ ಬೋಲ್ಟಿನ ಮರೆ ಕಡಿಯುವ 8 ಮಿಲಿಮೀಟರ್ ಟ್ಯಾಪು, ಅದಕ್ಕೆ ಬೇಕಾದ 6.8ರ ಡ್ರಿಲ್ಲು, ಬೋಲ್ಟು ಬಿಗಿಯುವ 6ರ ಅಲೆನ್ ಕೀ ಒಟ್ಟಿಗೇ ನಿಂತಿವೆ. 6ಕ್ಕೂ 10ಕ್ಕೂ ಬೇರೆ ಬೇರೆ ತುಂಡು.

ಲೋಹದ ಸರಳುಗಳ ಒಂದು ತುದಿಗೆ ಬಣ್ಣ ಬಳಿದಿದ್ದೇನೆ: ಗನ್‌ಮೆಟಲ್‌ಗೆ ಕೆಂಪು, ಹಿತ್ತಾಳೆಗೆ ಹಳದಿ. ಕತ್ತರಿಸುವುದು ಯಾವಾಗಲೂ ಬಣ್ಣವಿಲ್ಲದ ತುದಿಯಿಂದ, ಕೊನೆಯ ತುಂಡಿನಲ್ಲೂ ಗುರುತು ಉಳಿಯಲಿ ಎಂದು. ಮಬ್ಬಾದ ಮೇಲೆ ಇವೆರಡೂ ಒಂದೇ ಥರ ಕಾಣುತ್ತವೆ. ಆದರೆ ಸಮುದ್ರದ ನೀರಿನಲ್ಲಿ ಸಾದಾ ಹಿತ್ತಾಳೆಯ ಸತು ಕರಗಿ ಹೋಗಿ ಒಳಗೆ ತಾಮ್ರದ ಜಾಳು ಉಳಿಯುತ್ತದೆ. ಗನ್‌ಮೆಟಲ್‌ನಲ್ಲಿ 88 ಪಾಲು ತಾಮ್ರ, 10 ತವರ, ಸತು ಎರಡೇ ಪಾಲು, ಅದು ತಾಳುತ್ತದೆ. ಕಡಲಿನಲ್ಲಿ ಪಂಪು ನಿಂತರೆ ದೋಣಿಯಲ್ಲಿರುವವರ ಗತಿ ಏನೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಈ ಸಲ ಅಂಥದೇ ಬುಶ್ಶು 1 ಗಂಟೆ 50 ನಿಮಿಷಕ್ಕೆ ಮುಗಿಯಿತು. ಕೂರಿಸುವ 30, ತಣಿಯುವ 15 ಹಾಗೇ ಇವೆ, ಅವಕ್ಕೆ ನಾನು ಕೈ ಹಚ್ಚಿಲ್ಲ. ದೋಣಿಯವರಲ್ಲಿ ಒಂದು ವಿನಂತಿ: ಬುಶ್ಶನ್ನು ಜುಲೈ 30ರ ಸಂಜೆ ತರಬೇಡಿ, ಜೂನಿನಲ್ಲೇ ತನ್ನಿ. ಸವೆದ ಹಳೆಯದನ್ನೂ ಶಾಫ್ಟನ್ನೂ ಜೊತೆಗೇ ತನ್ನಿ. ಬೆಳಿಗ್ಗೆ ಕೊಟ್ಟರೆ ಮಧ್ಯಾಹ್ನ ಊಟದ ಹೊತ್ತಿಗೆ ಒಯ್ಯಬಹುದು.

ನಮಸ್ಕಾರ.