ಹಳೇ ಮ್ಯಾಗಜೀನ್ ಅಂತೀರಲ್ಲ, ತಾರೀಖು ಎಲ್ಲಿದೆ ತೋರಿಸಿ

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ, ಆದರೆ ಪಿಸ್ತೂಲಿನ ಮ್ಯಾಗಜೀನ್ (ಅದೇ, ಗುಂಡು ತುಂಬುವ ಡಬ್ಬಿ) ಬಗ್ಗೆ ಒಂದು ಕಾಮೆಂಟ್ ನೋಡಿ ತಲೆ ಕೆಟ್ಟುಹೋಯಿತು. ಒಬ್ಬ ಮಹಾನುಭಾವರು ಬರೆದಿದ್ದಾರೆ: "ಗುರುವೇ, ಸುಮ್ನೆ ಯಾಕೆ ಎಳೀತೀರ, ಮ್ಯಾಗಜೀನ್ ಒಳಗಿನ ಫಾಲೋವರ್ ಮೇಲೆ ನಂಬರ್ ಇರುತ್ತೆ, ಅದನ್ನ ನೋಡಿದರೆ ಪ್ರಿ-ಬ್ಯಾನ್ ಹೌದೋ ಅಲ್ವೋ ಗೊತ್ತಾಗುತ್ತೆ." ಅದಕ್ಕೆ ಲೈಕುಗಳ ಸುರಿಮಳೆ ಬೇರೆ!

ಹೊಸಬರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1994ರ ಸೆಪ್ಟೆಂಬರ್ 13ಕ್ಕೆ ಕೇಂದ್ರ ಸರ್ಕಾರದ ನಿಷೇಧ ಬಂತು. 10 ಗುಂಡಿಗಿಂತ ಜಾಸ್ತಿ ಹಿಡಿಯುವ ಹೊಸ ಮ್ಯಾಗಜೀನ್ ಸಾಮಾನ್ಯ ಜನಕ್ಕೆ ಇಲ್ಲ, ಅದಕ್ಕೆ ಮೊದಲೇ ತಯಾರಾಗಿದ್ದರೆ ಪರವಾಗಿಲ್ಲ, ಅದನ್ನೇ ಪ್ರಿ-ಬ್ಯಾನ್ ಅನ್ನುವುದು. 2004ರಲ್ಲಿ ಆ ಕಾನೂನು ತಾನಾಗಿ ಮುಗಿಯಿತು. ಆದರೆ ನಾನಿರುವ ಮ್ಯಾಸಚೂಸೆಟ್ಸ್ ಅದೇ ತಾರೀಖನ್ನು ತನ್ನ ಕಾನೂನಿನಲ್ಲಿ ಹಿಡಿದಿಟ್ಟುಕೊಂಡಿದೆ. ತಪ್ಪಿದರೆ 10 ವರ್ಷದವರೆಗೆ ಜೈಲು ಆಗಬಹುದು. ಒಂದು ತಗಡಿನ ಡಬ್ಬಿ, ಒಂದು ಸ್ಪ್ರಿಂಗ್, ಅದಕ್ಕೆ 10 ವರ್ಷ!

ಈಗ ನನ್ನ ಮಾತು ಕೇಳಿ. ಮ್ಯಾಗಜೀನ್ ಹೊಸದು ಅಂತ ಎಷ್ಟೋ ಸಲ ಸಾಬೀತು ಮಾಡಬಹುದು. ಹಳೇದು ಅಂತ ಅದನ್ನೇ ನೋಡಿ ಸಾಬೀತು ಮಾಡುವುದು ಹೆಚ್ಚುಕಡಿಮೆ ಅಸಾಧ್ಯ. ಬರೆದಿಟ್ಟುಕೊಳ್ಳಿ.

ಆ ಫಾಲೋವರ್ ವಿಷಯಕ್ಕೇ ಬರೋಣ. ಗ್ಲಾಕ್ ಪಿಸ್ತೂಲಿನ ಮ್ಯಾಗಜೀನ್ ತಿರುಗಿಸಿ ಹಿಡಿದು, ತಳದ ಪ್ಲೇಟನ್ನು ಜಾರಿಸಿ ತೆಗೆದರೆ ಸ್ಪ್ರಿಂಗ್ ಹೊರಗೆ ಬರುತ್ತದೆ, ಅದರ ಹಿಂದೆ ಗುಂಡನ್ನು ಮೇಲಕ್ಕೆ ತಳ್ಳುವ ಪ್ಲಾಸ್ಟಿಕ್ ತುಂಡು. ಅದೇ ಫಾಲೋವರ್. ಸ್ಪ್ರಿಂಗ್ ಸವೆದರೆ ಹೊಸದು ಹಾಕುತ್ತೇವೆ, ಫಾಲೋವರ್ ಸವೆದರೂ ಹಾಗೇ. ಹೊಸ ಫಾಲೋವರ್ ಹಳೇ ಡಬ್ಬಿಗೂ ಹೋಗುತ್ತದೆ, ಹಳೇದು ಹೊಸ ಡಬ್ಬಿಗೂ ಹೋಗುತ್ತದೆ. ಅದರ ಮೇಲಿನ ನಂಬರ್ ನೋಡಿ ಡಬ್ಬಿಯ ವಯಸ್ಸು ಹೇಳುತ್ತೀರಾ? ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಜಾತಕವನ್ನೂ ಬರೆದು ಕೊಡುತ್ತೀರಿ.

"ಹಾಗಾದರೆ ಗುರುತೇ ಇಲ್ವಾ?" ಇದೆ ಸ್ವಾಮಿ. ಹಳೇ ಗ್ಲಾಕ್ ಮ್ಯಾಗಜೀನ್‌ಗಳಲ್ಲಿ ಒಳಗಿನ ಲೋಹದ ಪಟ್ಟಿ ಸುತ್ತಲೂ ಪೂರ್ತಿ ಇರಲಿಲ್ಲ. ಗುಂಡು ತುಂಬಿದರೆ ಹೊಟ್ಟೆ ಉಬ್ಬುತ್ತದೆ. ಪಿಸ್ತೂಲಿನಿಂದ ಮ್ಯಾಗಜೀನ್ ಬಿಡಿಸುವ ಬಟನ್ ಒತ್ತಿದರೂ ತಾನಾಗಿ ಕೆಳಗೆ ಬೀಳುವುದಿಲ್ಲ, ಬೆರಳು ಹಾಕಿ ಎಳೆಯಬೇಕು. ಅಂಥದ್ದು ಸಿಕ್ಕರೆ ಹಳೇದಿರಬಹುದು ಅಂತ ಊಹಿಸಬಹುದು. "ಇರಬಹುದು" ಅಂದೆ, ಗಮನ ಇರಲಿ. ಇನ್ನು 2010ರಲ್ಲಿ ನಾಲ್ಕನೇ ತಲೆಮಾರಿನ ಗ್ಲಾಕ್ ಬಂತು. ಅದರ ಬಟನ್ ಎಡಕ್ಕೂ ಬಲಕ್ಕೂ ಬದಲಾಯಿಸಬಹುದು, ಹಾಗಾಗಿ ಮ್ಯಾಗಜೀನ್‌ಗೆ ಎರಡೂ ಕಡೆ ಕಚ್ಚು. ಎರಡು ಕಚ್ಚು ಕಂಡರೆ ಅದು 1994ಕ್ಕಿಂತ ಹಿಂದಿನದಲ್ಲ, ಕೇಸ್ ಮುಗಿಯಿತು. ಆದರೆ ಒಂದೇ ಕಚ್ಚು ಇದ್ದರೆ? ಏನೂ ಗೊತ್ತಾಗುವುದಿಲ್ಲ! ನೋಡಿದ್ರಾ, ಹೊಸದನ್ನು ಹಿಡಿಯಬಹುದು, ಹಳೇದನ್ನು ಹಿಡಿಯಲು ಆಗುವುದಿಲ್ಲ.

ಸ್ಮಿತ್ ಅಂಡ್ ವೆಸನ್ ಕಂಪನಿಯ ಎಂ ಅಂಡ್ ಪಿ ಪಿಸ್ತೂಲು ಮಾರುಕಟ್ಟೆಗೆ ಬಂದದ್ದು 2005ರಲ್ಲಿ, ಸಿಗ್ ಪಿ320 ಬಂದದ್ದು 2014ರಲ್ಲಿ. ಇವಕ್ಕೆ "ಪ್ರಿ-ಬ್ಯಾನ್ 17 ರೌಂಡ್" ಅಂತ ಯಾರಾದರೂ ಮಾರಲು ಬಂದರೆ, ಹುಟ್ಟದ ಮಗುವಿಗೆ ಕುಲಾವಿ ಹೊಲಿಸಿಬಿಟ್ರಾ ಅಂತ ಕೇಳಿ. ಬೆರೆಟಾ 92 ಪಿಸ್ತೂಲಿನದಾದರೆ ಕಷ್ಟ. ಅಮೆರಿಕದ ಸೈನ್ಯ ಅದನ್ನು ಎಂ9 ಅಂತ 1985ರಲ್ಲೇ ತೆಗೆದುಕೊಂಡಿತು, ಆಮೇಲೆ ಎಷ್ಟೋ ವರ್ಷ 15 ರೌಂಡಿನ ಮ್ಯಾಗಜೀನ್ ತಯಾರಾಗುತ್ತಲೇ ಇತ್ತು. ಅಜ್ಜಿ ಮನೆಯ ಹಿತ್ತಾಳೆ ಚೊಂಬನ್ನು ಕೈಗೆ ಕೊಟ್ಟು, ಇದು 1994ಕ್ಕೆ ಮೊದಲಿನದೋ ಆಮೇಲಿನದೋ ಹೇಳು ಅಂದ ಹಾಗಾಯಿತು.

ಅಂದಹಾಗೆ ಸಬ್‌ಸ್ಕ್ರೈಬ್ ಮಾಡದೆ ನೋಡುತ್ತಿರುವವರೇ, ನಿಮ್ಮನ್ನೂ ನಾನು ಗಮನಿಸುತ್ತಿದ್ದೇನೆ. ಒತ್ತಿ, ದುಡ್ಡೇನೂ ಹೋಗುವುದಿಲ್ಲ.

ಎಲ್ಲಿದ್ದೆ? ಹಾಂ, ಪೊಲೀಸ್ ಮುದ್ರೆ. ನಿಷೇಧದ 10 ವರ್ಷಗಳಲ್ಲಿ ಪೊಲೀಸರಿಗೆ, ಸರ್ಕಾರಕ್ಕೆ ಅಂತ ತಯಾರಿಸಿದ ಮ್ಯಾಗಜೀನ್ ಮೇಲೆ "ಪೊಲೀಸ್ ಮತ್ತು ಸರ್ಕಾರಿ ಬಳಕೆಗೆ ಮಾತ್ರ" ಅನ್ನುವ ಅರ್ಥದ ಮುದ್ರೆ ಹೊಡೆಯುತ್ತಿದ್ದರು. "ಮುದ್ರೆ ಇಲ್ಲ, ಹಾಗಾದರೆ ಹಳೇದು" ಅನ್ನುವ ಬುದ್ಧಿವಂತರೇ, 2004ರಲ್ಲಿ ಕಾನೂನಿನ ಜೊತೆ ಆ ಮುದ್ರೆಯ ನಿಯಮವೂ ಹೋಯಿತಲ್ಲ! ಆಮೇಲೆ ಬಂದವಕ್ಕೂ ಮುದ್ರೆ ಇಲ್ಲ. ಕೇಂದ್ರದ ಕಾನೂನು ಬರೆದವರಿಗೆ ಇಷ್ಟಾದರೂ ಗೊತ್ತಿತ್ತು. ಸೀರಿಯಲ್ ನಂಬರ್ ಇಲ್ಲದಿದ್ದರೆ ನಿಷೇಧ ತಗಲುವುದಿಲ್ಲ ಅಂತಲೇ ಭಾವಿಸಬೇಕು, ತಗಲುತ್ತದೆ ಅಂತ ತೋರಿಸುವ ಹೊಣೆ ಸರ್ಕಾರದ್ದು ಅಂತ ಅದರಲ್ಲೇ ಬರೆದಿದ್ದರು.

ಕ್ಯಾಲಿಫೋರ್ನಿಯಾ ಕಥೆ ಇನ್ನೂ ಮಜಾ. 2019ರ ಮಾರ್ಚ್ 29ಕ್ಕೆ ಅಲ್ಲಿನ ಫೆಡರಲ್ ನ್ಯಾಯಾಧೀಶ ರೋಜರ್ ಬೆನಿಟೆಜ್ ಆ ರಾಜ್ಯದ ಮ್ಯಾಗಜೀನ್ ನಿಷೇಧವನ್ನು ಹೊಡೆದುಹಾಕಿದರು. ಏಪ್ರಿಲ್ 5ರ ಸಂಜೆ 5 ಗಂಟೆಗೆ ಮತ್ತೆ ಬಾಗಿಲು ಮುಚ್ಚಿತು. ನಡುವಿನ ವಾರದಲ್ಲಿ ಜನ ಮುಗಿಬಿದ್ದು ಕೊಂಡರು. ನಾಲ್ಕೂ ಮುಕ್ಕಾಲಿಗೆ ಕೊಂಡದ್ದಕ್ಕೂ ಐದೂ ಕಾಲಿಗೆ ಕೊಂಡದ್ದಕ್ಕೂ ಏನು ವ್ಯತ್ಯಾಸ ಹೇಳಿ? ಬಣ್ಣವೂ ಬದಲಾಗಿರುವುದಿಲ್ಲ. ಇದಕ್ಕಿಂತ ನ್ಯೂಯಾರ್ಕೇ ಮೇಲು, 2013ರಲ್ಲಿ ಹಳೇದೂ ಬೇಡ ಹೊಸದೂ ಬೇಡ ಅಂದುಬಿಟ್ಟಿತು. ನನಗೆ ಇಷ್ಟವಿಲ್ಲದ ಕಾನೂನು, ಆದರೆ ಕನಿಷ್ಠ ಅರ್ಥವಾಗುತ್ತದೆ.

"ನಿಯತ್ತಾಗಿ ಇರೋರಿಗೆ ಏನು ಭಯ?" ಅಂತ ಇನ್ನೊಬ್ಬರು. ಅಣ್ಣಾ, ನಿಯತ್ತಿಗೂ ತಾರೀಖಿಗೂ ಏನು ಸಂಬಂಧ? "ಕೊಡಗಲ್ಲಿ ಕೋವಿಗೆ ಲೈಸೆನ್ಸೇ ಬೇಡ" ಅಂತ ಮತ್ತೊಬ್ಬರು. ಅದು ಕೊಡವರಿಗಿರುವ ವಿನಾಯಿತಿ, ಮ್ಯಾಸಚೂಸೆಟ್ಸ್‌ನ ಬಾಸ್ಟನ್‌ಗೆ ಯಾಕೆ ತರುತ್ತೀರಿ ಮಾರಾಯ್ರೆ!

ನಾನು ವಕೀಲನಲ್ಲ, ಕೇಸ್ ಬಿದ್ದರೆ ವಕೀಲರ ಹತ್ತಿರ ಹೋಗಿ, ನನಗೆ ಮೆಸೇಜ್ ಮಾಡಬೇಡಿ. ಆದರೆ ಹೇಳುತ್ತೇನೆ, ಇನ್ನೂ ಹತ್ತು ಸಲ ಹೇಳುತ್ತೇನೆ: ಹೊಸದನ್ನು ತೋರಿಸಬಹುದು, ಹಳೇದನ್ನು ತೋರಿಸಲು ಆಗುವುದಿಲ್ಲ! ಯಾಕೆ ಅಂದರೆ ಆಗುವುದಿಲ್ಲ, ಅಷ್ಟೇ! "ಗ್ಯಾರಂಟಿ ಪ್ರಿ-ಬ್ಯಾನ್" ಅಂತ ಬರೆದು ಮೂರು ಪಟ್ಟು ರೇಟು ಹೇಳುವವರು ಸಿಕ್ಕರೆ ಹಳೇ ಬಿಲ್ ಕೇಳಿ. ಬಿಲ್ ಇಲ್ಲ, ಫಾಲೋವರ್ ನಂಬರ್ ಇದೆ ಅಂದರೆ, ದುಡ್ಡು ಜೇಬಲ್ಲೇ ಇಟ್ಟುಕೊಂಡು ಮನೆಗೆ ಹೋಗಿ.