ವಿಂಡೋಸ್ ಕಂಪ್ಯೂಟರಿನಲ್ಲಿ ಇಮ್ಯಾಕ್ಸ್

ಕೇಳುಗರಿಗೆಲ್ಲ ನಮಸ್ಕಾರ.

ಇಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರ್, ಅಂದರೆ ಬರೆಯುವ, ತಿದ್ದುವ ತಂತ್ರಾಂಶ ಇದೆ. ಅದರಲ್ಲಿ ಕಂಟ್ರೋಲ್ ಹಿಡಿದುಕೊಂಡು ಎಚ್ ಒತ್ತಿ, ಆಮೇಲೆ ಬರೀ ಎಚ್ ಒತ್ತಿದರೆ ಒಂದು ಪುಟ ತೆರೆದುಕೊಳ್ಳುತ್ತದೆ. ಲೋಕದ ಎಷ್ಟೋ ಭಾಷೆಗಳಲ್ಲಿ ‘ಹಲೋ’ ಹೇಳುವ ಪುಟ ಅದು. ನಮ್ಮ ಕನ್ನಡದ ‘ನಮಸ್ಕಾರ’ವೂ ಅಲ್ಲಿದೆ. ಹೊಸ ಕಂಪ್ಯೂಟರಿಗೆ ಇಮ್ಯಾಕ್ಸ್ ಹಾಕಿದ ದಿನ ನಾನು ಮೊದಲು ಹುಡುಕುವುದು ಆ ಸಾಲನ್ನೇ. ‘ಸ್ಕಾ’ದ ಒತ್ತು ಕೆಳಗೆ ಸರಿಯಾಗಿ ಕೂತಿದ್ದರೆ ಮನಸ್ಸಿಗೆ ಸಮಾಧಾನ.

ಇಮ್ಯಾಕ್ಸ್ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿ. ಈಗ ನಾವು ಬಳಸುವ, ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ಇಮ್ಯಾಕ್ಸನ್ನು ರಿಚರ್ಡ್ ಸ್ಟಾಲ್ಮನ್ 1984ರಲ್ಲಿ ಬರೆಯಲು ಶುರುಮಾಡಿದರು. ಅದು ಬೆಳೆದದ್ದು ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಮನೆಯಲ್ಲಿ. ನಾನೂ ಅದನ್ನು ಕಲಿತದ್ದು ಅದೇ ಥರದ ಲಿನಕ್ಸ್‌ನಲ್ಲೇ. ಕೆಲಸ ಬದಲಾಯಿಸಿದಾಗ ಕೈಗೆ ಬಂದದ್ದು ವಿಂಡೋಸ್ ಲ್ಯಾಪ್‌ಟಾಪ್. ಇಷ್ಟು ವರ್ಷ ಬೆರಳಿಗೆ ಅಂಟಿದ ಅಭ್ಯಾಸವನ್ನೆಲ್ಲ ಬಿಟ್ಟುಬಿಡಬೇಕಾ ಅಂತ ಸಂಕಟವಾಯಿತು. ಬಿಡಬೇಕಾಗಿರಲಿಲ್ಲ. ಗ್ನೂ ಯೋಜನೆಯವರೇ ವಿಂಡೋಸ್‌ಗೆ ಬೇಕಾದ ಇಮ್ಯಾಕ್ಸನ್ನು ಸಿದ್ಧಮಾಡಿ ಇಟ್ಟಿದ್ದಾರೆ. ಕಾಸು ಕೊಡಬೇಕಿಲ್ಲ.

ಹಾಕಿಕೊಳ್ಳುವುದು ಸುಲಭ. ಆಮೇಲೆ ಮೊದಲು ಕಾಡುವುದು ಬೆರಳುಗಳು. ವಿಂಡೋಸ್‌ನಲ್ಲಿ ಕಂಟ್ರೋಲ್ ವಿ ಅಂದರೆ ಪೇಸ್ಟ್. ಇಮ್ಯಾಕ್ಸ್‌ನಲ್ಲಿ ಅದನ್ನು ಒತ್ತಿದರೆ ಪುಟ ಕೆಳಗೆ ಹೋಗುತ್ತದೆ. ಕಂಟ್ರೋಲ್ ಜಡ್ ಅಲ್ಲಿ ತಪ್ಪು ತಿದ್ದಿಕೊಳ್ಳಲು, ಇಲ್ಲಿ ಒತ್ತಿದರೆ ಇಮ್ಯಾಕ್ಸಿನ ಕಿಟಕಿಯೇ ಕೆಳಗಿಳಿದು ಮಾಯ! ಇಮ್ಯಾಕ್ಸ್‌ನ ಪೇಸ್ಟ್ ಇರುವುದು ಕಂಟ್ರೋಲ್ ವೈಯಲ್ಲಿ. ಸಿಯುಎ ಮೋಡ್ ಎಂಬ ವ್ಯವಸ್ಥೆ ಹಾಕಿಕೊಂಡರೆ ವಿಂಡೋಸ್ ಅಭ್ಯಾಸದ ಕಟ್, ಕಾಪಿ, ಪೇಸ್ಟ್ ಕೀಲಿಗಳೇ ಇಲ್ಲೂ ನಡೆಯುತ್ತವೆ. ಹೊಸಬರಿಗೆ ಅದು ಒಳ್ಳೆಯದು. ನಾನು ಮಾತ್ರ ಹಾಕಿಕೊಳ್ಳಲಿಲ್ಲ. ಒಂದೇ ಎಡಿಟರಿಗೆ ಎರಡು ಕಂಪ್ಯೂಟರಿನಲ್ಲಿ ಎರಡು ಅಭ್ಯಾಸ ಬೇಡ ಅನ್ನಿಸಿತು. ಕ್ಯಾಪ್ಸ್ ಲಾಕ್ ಕೀಲಿಯನ್ನು ಕಂಟ್ರೋಲ್ ಆಗಿ ಬದಲಾಯಿಸಿಕೊಂಡೆ. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್‌ನಲ್ಲಿ ಅದು ಎರಡು ನಿಮಿಷದ ಕೆಲಸ. ಕಿರುಬೆರಳಿಗೆ ಅಷ್ಟು ಆರಾಮ.

ಎರಡನೆಯ ತೊಡಕು ಮನೆಯದು. ಯೂನಿಕ್ಸ್‌ನಲ್ಲಿ ಪ್ರತಿಯೊಬ್ಬರಿಗೂ ಹೋಮ್ ಎಂಬ ಫೋಲ್ಡರ್ ಇರುತ್ತದೆ. ನಮ್ಮ ಇಮ್ಯಾಕ್ಸ್ ಸೆಟ್ಟಿಂಗ್ ಅಲ್ಲೇ. ವಿಂಡೋಸ್‌ನಲ್ಲಿ ನಾವು ಬೇರೆ ಹೇಳದಿದ್ದರೆ ಇಮ್ಯಾಕ್ಸ್ ತನ್ನ ಮನೆ ಎಂದುಕೊಳ್ಳುವುದು ಆ್ಯಪ್‌ಡೇಟಾದ ಒಳಗಿನ ರೋಮಿಂಗ್ ಫೋಲ್ಡರನ್ನು. ಆ್ಯಪ್‌ಡೇಟಾ ಸಾಮಾನ್ಯವಾಗಿ ಕಣ್ಣಿಗೇ ಕಾಣುವುದಿಲ್ಲ. ಅದೇ ಇಮ್ಯಾಕ್ಸನ್ನು ಗಿಟ್ ಬ್ಯಾಷ್ ಎಂಬ ಕಮಾಂಡ್ ಕಿಟಕಿಯಿಂದ ಶುರುಮಾಡಿ ನೋಡಿ, ಮನೆ ಬೇರೆ ಆಗಿಬಿಡುತ್ತದೆ! ಬೆಳಿಗ್ಗೆ ಮಾಡಿದ ಬದಲಾವಣೆ ಮಧ್ಯಾಹ್ನ ಇಲ್ಲ ಅಂತ ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಹೋಮ್ ಎಂಬ ಎನ್‌ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಮನೆ ಎಲ್ಲಿದೆ ಎಂದು ಪ್ರೋಗ್ರಾಂಗಳಿಗೆ ಹೇಳುವ ಸೆಟ್ಟಿಂಗ್ ಅನ್ನು ನಾವೇ ಒಂದು ಸಲ ಇಟ್ಟುಬಿಟ್ಟರೆ ಈ ಗೊಂದಲ ಮುಗಿಯಿತು. ದಯವಿಟ್ಟು ಮೊದಲ ದಿನವೇ ಮಾಡಿ.

ಈಗ ನನ್ನನ್ನು ಜಾಸ್ತಿ ಕಾಡಿದ ವಿಷಯ. ಸಾಲು ಮುಗಿಯುವುದು ಹೇಗೆ?

ಹಳೆಯ ಟೆಲಿಟೈಪ್ ಯಂತ್ರ ನೆನೆಸಿಕೊಳ್ಳಿ. ಸಾಲು ಮುಗಿದಾಗ ಎರಡು ಕೆಲಸ ಆಗಬೇಕು. ಅಚ್ಚು ಹೊಡೆಯುವ ತಲೆ ಎಡಕ್ಕೆ ಮರಳಬೇಕು, ಕಾಗದ ಒಂದು ಸಾಲು ಮೇಲಕ್ಕೆ ಸರಿಯಬೇಕು. ಒಂದೊಂದಕ್ಕೆ ಒಂದೊಂದು ಗುರುತು, 13 ಮತ್ತು 10. ಮೈಕ್ರೋಸಾಫ್ಟ್‌ನ ಹಳೆಯ ಡಾಸ್ ಮತ್ತು ಅದರ ನಂತರ ಬಂದ ವಿಂಡೋಸ್ ಎರಡನ್ನೂ ಉಳಿಸಿಕೊಂಡವು. ಯೂನಿಕ್ಸ್ 10 ಒಂದೇ ಸಾಕು ಎಂದಿತು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ವಿಂಡೋಸ್‌ನಲ್ಲಿ ಹೊಸದಾಗಿ ಬರೆದ ಒಂದು ಸ್ಕ್ರಿಪ್ಟನ್ನು ನಾನು ಲಿನಕ್ಸ್ ಸರ್ವರಿಗೆ ಕಳಿಸಿದಾಗ ಅದು ಓಡಲೇ ಇಲ್ಲ. ಸ್ಕ್ರಿಪ್ಟನ್ನು ಓಡಿಸುವ ಪ್ರೋಗ್ರಾಂ ಬ್ಯಾಷ್, ಅದರ ಹೆಸರು ಮೊದಲ ಸಾಲಿನಲ್ಲಿರುತ್ತದೆ. ಆ ಸಾಲಿನ ಕೊನೆಯಲ್ಲಿ ಕಾಣದ ಹಾಗೆ ಕೂತಿದ್ದ 13, ಬ್ಯಾಷ್‌ನ ಹೆಸರನ್ನೇ ಕೆಡಿಸಿತ್ತು. ಇಡೀ ಸಂಜೆ ಬೇರೆ ಎಲ್ಲವನ್ನೂ ಅನುಮಾನಿಸಿದೆ, ಅದೊಂದನ್ನು ಬಿಟ್ಟು.

ಆದರೆ ಸುಳಿವು ಇಮ್ಯಾಕ್ಸ್‌ನಲ್ಲೇ ಇತ್ತು! ಕಿಟಕಿಯ ತಳದಲ್ಲಿ ಮೋಡ್ ಲೈನ್ ಎಂಬ ಪಟ್ಟಿ ಇರುತ್ತದೆ. ವಿಂಡೋಸ್‌ನ ಇಮ್ಯಾಕ್ಸ್‌ನಲ್ಲಿ ಯೂನಿಕ್ಸ್ ಥರದ ಫೈಲ್ ತೆರೆದರೆ ಅಲ್ಲಿ ‘ಯೂನಿಕ್ಸ್’ ಎಂದೇ ಬರೆದಿರುತ್ತದೆ. ಲಿನಕ್ಸ್‌ನಲ್ಲಿ ಡಾಸ್ ಥರದ ಫೈಲ್ ತೆರೆದರೆ ‘ಡಾಸ್’ ಎನ್ನುತ್ತದೆ. ಹೊರಗಿಂದ ಬಂದದ್ದನ್ನು ಮಾತ್ರ ಹೆಸರು ಹಿಡಿದು ತೋರಿಸುತ್ತದೆ, ನೋಡಿ. ನನ್ನ ಸ್ಕ್ರಿಪ್ಟಿಗೆ ‘ಯೂನಿಕ್ಸ್’ ಎಂದು ಬರದೇ ಇದ್ದದ್ದೇ ಸುಳಿವು. ತೆರೆದ ಫೈಲ್ ಯಾವ ಥರ ಇತ್ತೋ ಅದೇ ಥರ ಉಳಿಸುತ್ತದೆ ಕೂಡ. ಬದಲಾಯಿಸಬೇಕಿದ್ದರೆ ಕಂಟ್ರೋಲ್ ಎಕ್ಸ್, ಎಂಟರ್, ಎಫ್ ಒತ್ತಿ ಯೂನಿಕ್ಸ್ ಎಂದು ಟೈಪ್ ಮಾಡಿ, ಫೈಲನ್ನು ಸೇವ್ ಮಾಡಿದರೆ ಆಯಿತು.

ಇಮ್ಯಾಕ್ಸ್ ಒಂಟಿಯಾಗಿ ಕೆಲಸ ಮಾಡುವುದಲ್ಲ. ಹುಡುಕಲು ಗ್ರೆಪ್, ವ್ಯತ್ಯಾಸ ನೋಡಲು ಡಿಫ್, ಹೀಗೆ ಅಕ್ಕಪಕ್ಕದವರನ್ನು ಕರೆಯುತ್ತದೆ. ವಿಂಡೋಸ್‌ನಲ್ಲಿ ಅವರಿಲ್ಲ. ಫೈಂಡ್ ಎಂಬ ಹೆಸರಿನವನು ಇದ್ದಾನೆ, ಆದರೆ ಅವನು ಬೇರೆಯೇ ವ್ಯಕ್ತಿ. ಯೂನಿಕ್ಸ್‌ನ ಫೈಂಡ್ ಫೈಲ್‌ಗಳನ್ನು ಹುಡುಕಿದರೆ, ವಿಂಡೋಸ್‌ನ ಫೈಂಡ್ ಫೈಲಿನ ಒಳಗೆ ಪದ ಹುಡುಕುತ್ತದೆ. ಯೂನಿಕ್ಸ್ ಸಾಧನಗಳಿರುವ ಎಂಸಿಸ್2 ಎಂಬ ಕಟ್ಟನ್ನು ಹಾಕಿಕೊಂಡು, ಪ್ರೋಗ್ರಾಂಗಳನ್ನು ಹುಡುಕುವ ಪಾತ್ ಪಟ್ಟಿಯಲ್ಲಿ ಅದರ ದಾರಿಯನ್ನು ಮೊದಲು ಸೇರಿಸಿದರೆ ಸರಿಹೋಗುತ್ತದೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ಕೆಲಸ ಮಾತ್ರ ಲಿನಕ್ಸ್‌ಗಿಂತ ನಿಧಾನ. ವಿಂಡೋಸ್‌ನಲ್ಲಿ ಹೊಸ ಪ್ರೋಗ್ರಾಂ ಶುರುವಾಗಲು ಜಾಸ್ತಿ ಹೊತ್ತು ಬೇಕು, ಗಿಟ್‌ಗೆ ಅದು ಪದೇ ಪದೇ ಬೇಕಾಗುತ್ತದೆ. ತೀರಾ ಬೇಸರವಾದರೆ ವಿಂಡೋಸ್ 11ರಲ್ಲಿ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಮೂಲಕ ಲಿನಕ್ಸ್‌ನ ಇಮ್ಯಾಕ್ಸನ್ನೇ ಕಿಟಕಿ ಸಮೇತ ಓಡಿಸಬಹುದು. ಕೋಡ್ ಬರೆಯುವಾಗ ನಾನೂ ಹಾಗೇ ಮಾಡುತ್ತೇನೆ.

ಕನ್ನಡ ಬರೆಯಲು ಮಾತ್ರ ವಿಂಡೋಸ್‌ನ ಇಮ್ಯಾಕ್ಸೇ ನನಗೆ ಹಿತ. 2020ರಲ್ಲಿ ಬಂದ 27ನೇ ಆವೃತ್ತಿಯಿಂದ ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಎಂಬ ಲೈಬ್ರರಿ ಮಾಡುತ್ತಿದೆ. ಒತ್ತಕ್ಷರ, ಅರ್ಕಾವತ್ತು ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಅಕ್ಷರಕ್ಕೆ ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಫಾಂಟ್ ಇದೆ. ಟೈಪ್ ಮಾಡಲು ಬೇರೆ ತಂತ್ರಾಂಶ ಬೇಡ. ಕಂಟ್ರೋಲ್ ಹಿಡಿದು ಬ್ಯಾಕ್‌ಸ್ಲ್ಯಾಷ್ ಒತ್ತಿದರೆ ಯಾವ ಟೈಪಿಂಗ್ ವಿಧಾನ ಬೇಕು ಎಂದು ಕೇಳುತ್ತದೆ. ಇನ್‌ಸ್ಕ್ರಿಪ್ಟ್ ಗೊತ್ತಿದ್ದವರಿಗೆ ಅದಿದೆ, ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರದಂತೆ ಒತ್ತುವವರಿಗೆ ಐಟ್ರಾನ್ಸ್ ಇದೆ. ಇನ್ನೊಮ್ಮೆ ಒತ್ತಿದರೆ ಮತ್ತೆ ಇಂಗ್ಲಿಷ್.

ಈಗ ನಾನು ಓದುತ್ತಿರುವ ಈ ಹಾಳೆಗಳನ್ನೂ ಅದರಲ್ಲೇ ಬರೆದೆ, ಐಟ್ರಾನ್ಸ್‌ನಲ್ಲಿ. ಅರ್ಧ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ, ಉಳಿದರ್ಧ ರಾತ್ರಿ ಮನೆಯ ಲಿನಕ್ಸ್‌ನಲ್ಲಿ. ಒಂದು ಒತ್ತೂ ಅಲುಗಲಿಲ್ಲ.

ನಮಸ್ಕಾರ.