ಫೋರ್‌ಮನ್ ಎದುರು ಟೈಸನ್: ನಡೆಯದ ಪಂದ್ಯದ ಲೆಕ್ಕಾಚಾರ

ಎಲ್ಲರಿಗೂ ನಮಸ್ಕಾರ.

1990ರ ಜೂನ್ 16ರಂದು ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ ಹೆವಿವೇಟ್ ಬಾಕ್ಸರ್‌ಗಳಾದ ಜಾರ್ಜ್ ಫೋರ್‌ಮನ್ ಮತ್ತು ಮೈಕ್ ಟೈಸನ್ ಒಂದೇ ರಾತ್ರಿ ರಿಂಗಿಗಿಳಿದರು. ಎದುರುಬದುರಾಗಿ ಅಲ್ಲ. ಫೋರ್‌ಮನ್ ಆಡಿಲ್ಸನ್ ರೊಡ್ರಿಗಸ್‌ನನ್ನು ಎರಡನೇ ಸುತ್ತಿನಲ್ಲಿ ಮಲಗಿಸಿದ. ಟೈಸನ್‌ಗೆ ಹೆನ್ರಿ ಟಿಲ್‌ಮನ್‌ನನ್ನು ಮುಗಿಸಲು ಒಂದೇ ಸುತ್ತು ಸಾಕಾಯಿತು. ಅವರಿಬ್ಬರ ನಡುವಿನ ಪಂದ್ಯ ಮಾತ್ರ ಕೊನೆಗೂ ಆಗಲಿಲ್ಲ. ಆಗಿದ್ದರೂ ನನಗೆ ಸಮಾಧಾನವಾಗುತ್ತಿರಲಿಲ್ಲ, ಏಕೆಂದರೆ ಫೋರ್‌ಮನ್‌ಗೆ ಆಗಲೇ 41 ವರ್ಷ.

ಇಬ್ಬರೂ ತಮ್ಮ ಉತ್ತುಂಗದಲ್ಲಿ ಎದುರಾಗಿದ್ದರೆ ಯಾರು ಗೆಲ್ಲುತ್ತಿದ್ದರು ಎಂಬುದು ನನ್ನ ಪ್ರಶ್ನೆ. ಅದಕ್ಕೆ ಬೇಕಾದವರು ಬೇರೆ. 1973ರ ಜನವರಿಯಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಜೋ ಫ್ರೇಜಿಯರ್‌ನನ್ನು ಎರಡು ಸುತ್ತಿನೊಳಗೆ ಆರು ಸಲ ನೆಲಕ್ಕೆ ಕೆಡವಿದ ಫೋರ್‌ಮನ್. 1988ರ ಜೂನ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಮೈಕೆಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮುಗಿಸಿದ ಟೈಸನ್. ತೂಕ ನೋಡಿ: ಫೋರ್‌ಮನ್ ಆ ದಿನ 217½ ಪೌಂಡ್, ಟೈಸನ್ 218¼. ಎತ್ತರದಲ್ಲಿ ಫೋರ್‌ಮನ್ ಸುಮಾರು 5 ಇಂಚು ಹೆಚ್ಚು, ತೋಳಿನ ಉದ್ದದಲ್ಲಿ ಇನ್ನೂ ಹೆಚ್ಚು. ಅಂದರೆ ಒಂದೇ ಭಾರವನ್ನು ಒಬ್ಬ ಉದ್ದಕ್ಕೆ ಹೊತ್ತಿದ್ದಾನೆ, ಇನ್ನೊಬ್ಬ ಕುಳ್ಳಗೆ ಗಟ್ಟಿಯಾಗಿ.

"ಫ್ರೇಜಿಯರ್ ಕುಳ್ಳ, ಬಾಗಿ ಒಳನುಗ್ಗುವವ, ಸೋತ, ಟೈಸನ್ ಕೂಡ ಅದೇ ಜಾತಿ, ಅವನೂ ಸೋಲುತ್ತಾನೆ" ಎಂದು ಬಹಳ ಜನ ಹೇಳುತ್ತಾರೆ. ಈ ವಾದ ನನಗೆ ಒಪ್ಪಿಗೆಯಿಲ್ಲ. ಫ್ರೇಜಿಯರ್‌ಗೆ ಕಾವೇರಲು ಎರಡು ಮೂರು ಸುತ್ತು ಬೇಕಿತ್ತು, ಅವನ ನಂಬಿಕೆಯೆಲ್ಲ ಎಡಗೈ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಗುದ್ದು) ಮೇಲೆ. ಟೈಸನ್ ಮೊದಲ ಸುತ್ತಿನ ಗಂಟೆ ಬಾರಿಸಿದ ಕೂಡಲೇ ಎರಡೂ ಕೈ ಬೀಸುತ್ತಾನೆ. ಅವನನ್ನು ರೂಪಿಸಿದ ತರಬೇತುದಾರ ಕಸ್ ಡಿ'ಅಮಾಟೊ ಕಲಿಸಿದಂತೆ ಗ್ಲೌಸ್ ಕೆನ್ನೆಗಿಟ್ಟು, ತಲೆ ಆಡಿಸುತ್ತ, ಪಕ್ಕಕ್ಕೆ ಸರಿದು ಅಲ್ಲಿಂದ ಹೊಡೆಯುತ್ತಾನೆ. ಅವನ ವೇಗ ಫೋರ್‌ಮನ್ ಅಲ್ಲಿಯವರೆಗೆ ಎದುರಿಸಿದ್ದ ಯಾವ ಬಲಶಾಲಿಯಲ್ಲೂ ಇರಲಿಲ್ಲ. ಫೋರ್‌ಮನ್ ಬೀಳದ ಮನುಷ್ಯನೂ ಅಲ್ಲ: 1976ರಲ್ಲಿ ರಾನ್ ಲೈಲ್ ಅವನನ್ನು ನಾಲ್ಕನೇ ಸುತ್ತಿನಲ್ಲಿ ಎರಡು ಸಲ ಬೀಳಿಸಿದ. ಆದರೆ ಎದ್ದು ಐದನೆಯದರಲ್ಲಿ ಲೈಲ್‌ನನ್ನೇ ಮಲಗಿಸಿದ.

ಹಾಗಾದರೂ ನಾನು ಫೋರ್‌ಮನ್ ಕಡೆ. ಕಾರಣ ಅವನ ಗುದ್ದಲ್ಲ, ಅವನ ತಳ್ಳು. ಕಿಂಗ್‌ಸ್ಟನ್ ಪಂದ್ಯವನ್ನು ಮತ್ತೆ ನೋಡುವಾಗ ಗುದ್ದುಗಳನ್ನು ಬಿಟ್ಟು ಅಂಗೈಗಳನ್ನು ಮಾತ್ರ ಗಮನಿಸಿ. ಫ್ರೇಜಿಯರ್ ಒಳಬಂದಾಗಲೆಲ್ಲ ಫೋರ್‌ಮನ್ ಎರಡೂ ಕೈ ಅವನ ಭುಜಕ್ಕಿಟ್ಟು ಹಿಂದಕ್ಕೆ ನೂಕುತ್ತಾನೆ. ನೂಕಿಸಿಕೊಂಡವನ ಕಾಲು ತಪ್ಪುತ್ತದೆ, ಬಾಗಿದ ತಲೆ ಮೇಲೇಳುತ್ತದೆ, ಸರಿಯಾಗಿ ಬಲಗೈ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಹೊಡೆಯುವ ಗುದ್ದು) ಬೀಳುವ ಜಾಗಕ್ಕೆ ಬಂದು ನಿಲ್ಲುತ್ತದೆ. ಪಕ್ಕಕ್ಕೆ ಸರಿಯಬೇಕಾದರೆ ಟೈಸನ್‌ಗೂ ಊರಿದ ಕಾಲು ಬೇಕು. ಅದನ್ನೇ ಈ ನೂಕು ಕಸಿಯುತ್ತದೆ. 1987ರಲ್ಲಿ ಬೋನ್‌ಕ್ರಷರ್ ಸ್ಮಿತ್ ಬರಿದೇ ತಬ್ಬಿ ಹಿಡಿದು 12 ಸುತ್ತು ಉಳಿದುಕೊಂಡ. ದೇಹಬಲದಿಂದ ಟೈಸನ್‌ನನ್ನು ನಿಲ್ಲಿಸಬಹುದು ಎಂಬುದು ಅಂದೇ ಕಂಡಿತು. 1990ರಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಅವನನ್ನು ಕೆಡವಿದ ಹೊಡೆತಗಳ ಸರಣಿ ಶುರುವಾದದ್ದೂ ಅಪ್ಪರ್‌ಕಟ್‌ನಿಂದಲೇ. ಆ ಟೈಸನ್ 1988ರ ಟೈಸನ್ ಅಲ್ಲ, ತರಬೇತುದಾರ ಕೆವಿನ್ ರೂನಿಯನ್ನು ಅವನು ಅಷ್ಟರಲ್ಲಿ ಕೈಬಿಟ್ಟಾಗಿತ್ತು, ನಿಜ. ಆದರೆ ಗಲ್ಲ ಅದೇ.

ನೂಕುವುದು ನಿಯಮಬಾಹಿರ. ಕಿಂಗ್‌ಸ್ಟನ್‌ನಲ್ಲಿ ರೆಫರಿಯಾಗಿದ್ದ ಆರ್ಥರ್ ಮರ್ಕಾಂಟೆಯಂತಹ ಅನುಭವಿಯ ಎದುರೇ ಅದು ನಡೆದುಹೋಯಿತು. ಮೊದಲ ನಿಮಿಷದಲ್ಲೇ ಎಚ್ಚರಿಸಿ ಅಂಕ ಕಳೆಯುವ ಕಟ್ಟುನಿಟ್ಟಿನ ರೆಫರಿ ಸಿಕ್ಕರೆ ನನ್ನ ಲೆಕ್ಕ ತಲೆಕೆಳಗಾಗುತ್ತದೆ, ಟೈಸನ್ ಎರಡು ಸುತ್ತಿನೊಳಗೆ ಗೆಲ್ಲಬಲ್ಲ.

ಸಾಧಾರಣ ರೆಫರಿ ಎಂದಿಟ್ಟುಕೊಂಡು ಹೇಳುತ್ತೇನೆ. ಮೊದಲ ಸುತ್ತು ಟೈಸನ್‌ದು, ಫೋರ್‌ಮನ್ ಒಮ್ಮೆ ಮೊಣಕಾಲೂರಬಹುದು. ಎರಡನೆಯದರಲ್ಲಿ ನೂಕಾಟ ಶುರು. ಮೂರನೆಯದರಲ್ಲಿ ಫೋರ್‌ಮನ್ ನಾಕೌಟ್ ಮಾಡುತ್ತಾನೆ. 1974ರಲ್ಲಿ ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಎದುರು ಫೋರ್‌ಮನ್ ಸುಸ್ತಾದ ಹಾಗೆ ಇಲ್ಲೂ ಆಗುವುದಿಲ್ಲವೇ ಎಂದರೆ, ಆರು ಸುತ್ತು ದಾಟಿದರೆ ಖಂಡಿತ ಆಗುತ್ತದೆ, ಆಗ ಪಂದ್ಯ ಟೈಸನ್‌ದು. ಅಷ್ಟು ದೂರ ಹೋಗುತ್ತದೆಂದು ನನಗೆ ಅನ್ನಿಸುವುದಿಲ್ಲ. ಒಪ್ಪದವರು ಈಗ ಕೇಳಿ, ಉತ್ತರಿಸುತ್ತೇನೆ.